ಹಾರುವ ಪೆನ್ಸಿಲ್‌ನ ಮೂರು ವರ್ಷ

1937ರ ಜುಲೈ ತಿಂಗಳ ಕೊನೆಯ ವಾರ. ಸ್ವಿಟ್ಜರ್ಲೆಂಡಿನ ಜೂರಿಕ್ ಪಕ್ಕದ ಡ್ಯೂಬೆನ್‌ಡಾರ್ಫ್ ಎಂಬಲ್ಲಿ ಅಂತರರಾಷ್ಟ್ರೀಯ ವಿಮಾನ ಸ್ಪರ್ಧೆ ನಡೆದಿತ್ತು. ಯುರೋಪಿನ ಹಲವು ದೇಶಗಳು ತಮ್ಮ ಸೇನಾ ವಿಮಾನಗಳನ್ನು ತಂದು ಸಾಲಾಗಿ ನಿಲ್ಲಿಸಿದ್ದವು. ಜರ್ಮನಿ ತಂದವುಗಳಲ್ಲಿ ಎರಡು ಎಂಜಿನ್ನಿನ ಒಂದು ವಿಮಾನವಿತ್ತು. ಪಕ್ಕದಿಂದ ನೋಡಿದರೆ ಅದರ ಒಡಲು ಕೋಲಿನಷ್ಟು ತೆಳ್ಳಗೆ. ಹೆಸರು ಡೋರ್ನಿಯರ್ ಡಿಒ-17. ಅದು ಬಾಂಬರ್. ಆದರೆ ಗಂಟೆಗೆ ಸುಮಾರು 425 ಕಿಲೋಮೀಟರ್ ವೇಗದಲ್ಲಿ ಹಾರಿ, ಬೇರೆ ದೇಶಗಳವರು ತಂದಿದ್ದ ಫೈಟರ್ ವಿಮಾನಗಳನ್ನೂ ಹಿಂದೆ ಹಾಕಿತು. ಬೇಟೆಗಾರನಿಗಿಂತ ಬೇಟೆಯೇ ವೇಗವಾಗಿ ಓಡಿದ ಹಾಗೆ. ಅದನ್ನು ಹಿಡಿಯುವವರೇ ಇಲ್ಲವಾದರೆ ಅದರಿಂದ ಊರುಗಳನ್ನು ಕಾಪಾಡುವುದು ಹೇಗೆ ಎಂಬ ಚಿಂತೆ ಯುರೋಪಿನ ಸೇನಾ ಕಚೇರಿಗಳಿಗೆ ಹತ್ತಿಕೊಂಡಿತು.

ಡೋರ್ನಿಯರ್ ಎಂಬ ಹೆಸರು ನಮಗೆ ಹೊಸದಲ್ಲ. ನಮ್ಮ ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ಇಂದಿಗೂ ಹಾರಿಸುವ ಡೋರ್ನಿಯರ್-228 ವಿಮಾನಗಳನ್ನು ಎಚ್‌ಎಎಲ್ ಸಂಸ್ಥೆ ಕಾನ್ಪುರದಲ್ಲಿ ತಯಾರಿಸುತ್ತದೆ. ಆ ಮನೆತನದ ಮೂಲಪುರುಷ ಕ್ಲಾಡ್ ಡೋರ್ನಿಯರ್. ಮೊದಲು ಜೆಪ್ಪೆಲಿನ್ ವಾಯುನೌಕೆಗಳ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು. ಕಾನ್‌ಸ್ಟನ್ಸ್ ಸರೋವರದ ದಡದ ಫ್ರೀಡ್ರಿಕ್ಸ್‌ಹಾಫೆನ್‌ನಲ್ಲಿ ಅವನ ಕಾರ್ಖಾನೆ. ನೀರಿನ ಮೇಲೆ ಇಳಿಯುವ ದೊಡ್ಡ ವಿಮಾನಗಳಿಗೆ ಅವನು ಹೆಸರುವಾಸಿ. ತೆಳ್ಳಗಿನ, ಚುರುಕಿನ ಬಾಂಬರ್ ಅವನ ಕೈಯಿಂದ ಬಂದದ್ದೇ ಸ್ವಲ್ಪ ಆಶ್ಚರ್ಯ.

ಈ ವಿಮಾನದ ಹುಟ್ಟಿನ ಬಗ್ಗೆ ಬಹಳ ಕಾಲ ಒಂದು ಸೊಗಸಾದ ಕತೆ ಚಾಲ್ತಿಯಲ್ಲಿತ್ತು. ಲುಫ್ಟ್‌ಹಾನ್ಸಾ ಕಂಪನಿಗೆ ಅಂಚೆಯನ್ನೂ ಕೆಲವೇ ಪ್ರಯಾಣಿಕರನ್ನೂ ಬೇಗ ಮುಟ್ಟಿಸುವ ವಿಮಾನ ಬೇಕಿತ್ತು, ಡೋರ್ನಿಯರ್ ಇದನ್ನು ಮಾಡಿಕೊಟ್ಟ. ಆದರೆ ಒಡಲು ಎಷ್ಟು ಇಕ್ಕಟ್ಟೆಂದರೆ ಪ್ರಯಾಣಿಕರು ಮೈಕೈ ಮಡಚಿಕೊಂಡು ತೂರಬೇಕು. ಕಂಪನಿ ಬೇಡವೆಂದಿತು, ವಿಮಾನಗಳು ಶೆಡ್ಡಿನಲ್ಲಿ ದೂಳು ತಿನ್ನುತ್ತ ನಿಂತವು. ಆಗ ಅಲ್ಲಿಗೆ ಬಂದ ಲುಫ್ಟ್‌ಹಾನ್ಸಾದ ಪೈಲಟ್ ಒಬ್ಬ ಒಂದನ್ನು ಹಾರಿಸಿ ನೋಡಿ, ಇದಕ್ಕೊಂದಿಷ್ಟು ಮಾರ್ಪಾಡು ಮಾಡಿದರೆ ಒಳ್ಳೆಯ ಬಾಂಬರ್ ಆದೀತು ಎಂದ. ಹೀಗೆ ಒಂದು ಪಾಪದ ಅಂಚೆ ವಿಮಾನ ಆಕಸ್ಮಿಕವಾಗಿ ಯುದ್ಧಕ್ಕೆ ಹೋಯಿತು.

ಕತೆ ಚೆನ್ನಾಗಿದೆ, ಆದರೆ ನಂಬುವಂತಿಲ್ಲ. ಮೊದಲ ಮಹಾಯುದ್ಧ ಸೋತ ಜರ್ಮನಿಗೆ ವರ್ಸೇಲ್ಸ್ ಒಪ್ಪಂದದ ಪ್ರಕಾರ ವಾಯುಪಡೆ ಇಟ್ಟುಕೊಳ್ಳುವ ಹಕ್ಕಿರಲಿಲ್ಲ. 1932ರಲ್ಲಿ ಇಂಥದ್ದೊಂದು ವಿಮಾನ ಬೇಕೆಂದು ಕೇಳಿದ್ದು ಸೇನೆಯ ಶಸ್ತ್ರಾಸ್ತ್ರ ಇಲಾಖೆ. ಕಾಗದದ ಮೇಲೆ ಅದನ್ನು ರೈಲ್ವೆಯ ಸರಕು ವಿಮಾನ, ಲುಫ್ಟ್‌ಹಾನ್ಸಾದ ವೇಗದ ಅಂಚೆ ವಿಮಾನ ಎಂದು ಬರೆದರು. ಅಂಚೆ ಚೀಲ ಬರಿಯ ಮುಸುಕು. 1934ರ ನವೆಂಬರಿನಲ್ಲಿ ಮೊದಲ ಮಾದರಿ ಹಾರಿತು. ಮರುವರ್ಷ ಮಾರ್ಚಿನಲ್ಲಿ ಹಿಟ್ಲರನ ಸರಕಾರ ತನಗೊಂದು ವಾಯುಪಡೆ ಇದೆಯೆಂದು ಬಹಿರಂಗವಾಗಿ ಸಾರಿತು. ಅಲ್ಲಿಗೆ ಮುಸುಕಿನ ಅಗತ್ಯವೂ ಮುಗಿಯಿತು. ಯುದ್ಧ ಮುಗಿದ ಮೇಲೂ ಅಂಚೆ ವಿಮಾನದ ಕತೆ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಉಳಿದುಕೊಂಡಿತು. ಆಕಸ್ಮಿಕವಾಗಿ ಆದದ್ದಕ್ಕೆ ಯಾರೂ ಹೊಣೆಯಲ್ಲವಲ್ಲ.

ತಮಾಷೆಯೆಂದರೆ, ನಿಜಕ್ಕೂ ಇಂಥ ಹುಟ್ಟು ಪಡೆದ ಬಾಂಬರ್ ಒಂದಿತ್ತು, ಅದು ಇಂಗ್ಲೆಂಡಿನದು. ಡೈಲಿ ಮೇಲ್ ಪತ್ರಿಕೆಯ ಒಡೆಯ ಲಾರ್ಡ್ ರಾದರ್‌ಮಿಯರ್ ತನ್ನ ಓಡಾಟಕ್ಕೆಂದು ಬ್ರಿಸ್ಟಲ್ ಕಂಪನಿಯಿಂದ ಒಂದು ವಿಮಾನ ಮಾಡಿಸಿಕೊಂಡ. 1935ರಲ್ಲಿ ಅದು ಹಾರಿದಾಗ ಬ್ರಿಟಿಷ್ ವಾಯುಪಡೆಯ ಫೈಟರ್‌ಗಳಿಗಿಂತಲೂ ವೇಗವಾಗಿತ್ತು. ಆತ ಅದನ್ನು ದೇಶಕ್ಕೇ ದಾನ ಮಾಡಿದ. ಅದರಿಂದ ಬ್ಲೆನ್‌ಹೈಮ್ ಎಂಬ ಲಘು ಬಾಂಬರ್ ಹುಟ್ಟಿತು. ಅಂದರೆ ವೇಗವೇ ರಕ್ಷೆ ಎಂಬ ನಂಬಿಕೆ ಜರ್ಮನ್ನರ ಸ್ವಂತ ಆಸ್ತಿಯೇನೂ ಆಗಿರಲಿಲ್ಲ. ಬಾಂಬರ್ ಹೇಗಾದರೂ ಗುರಿ ಮುಟ್ಟಿಯೇ ತೀರುತ್ತದೆ ಎಂದು ಬ್ರಿಟನ್ನಿನ ಸ್ಟಾನ್ಲಿ ಬಾಲ್ಡ್‌ವಿನ್ 1932ರಲ್ಲೇ ಪಾರ್ಲಿಮೆಂಟಿನಲ್ಲಿ ಹೇಳಿದ್ದ. ಆಗಿನ ಫೈಟರ್‌ಗಳು ಇನ್ನೂ ಎರಡು ಅಂತಸ್ತಿನ ರೆಕ್ಕೆಯವು, ತೆರೆದ ಕಾಕ್‌ಪಿಟ್ಟಿನವು. ನಯವಾದ ಲೋಹದ ಮೈಯ, ಚಕ್ರಗಳನ್ನು ಒಳಗೆಳೆದುಕೊಳ್ಳುವ ಬಾಂಬರ್‌ಗಳು ಅವುಗಳಿಗಿಂತ ಒಂದು ತಲೆಮಾರು ಮುಂದಿದ್ದವು.

ಆ ಒಂದು ತಲೆಮಾರು ಎಷ್ಟು ದಿನ ಬಾಳೀತು ಎಂಬುದನ್ನು ಜೂರಿಕ್‌ನಲ್ಲೇ ಯಾರಾದರೂ ಲೆಕ್ಕ ಹಾಕಬಹುದಿತ್ತು. ಸ್ಪರ್ಧೆಗೆ ಬಂದ ಡಿಒ-17 ಸಾಮಾನ್ಯ ವಿಮಾನವಲ್ಲ. ಅದಕ್ಕೆ ವಿಶೇಷವಾಗಿ ಡೈಮ್ಲರ್-ಬೆನ್ಜ್‌ನ ಶಕ್ತಿಶಾಲಿ ಎಂಜಿನ್‌ಗಳನ್ನು ಕೂರಿಸಿ ಓಟಕ್ಕೆಂದೇ ಹದ ಮಾಡಿದ್ದರು. ಆಗ ವಾಯುಪಡೆಯ ಕೈಯಲ್ಲಿದ್ದ ಡಿಒ-17ಗಳ ವೇಗ ಗಂಟೆಗೆ 350 ಕಿಲೋಮೀಟರ್ ಆಸುಪಾಸಿನದು. ಆ ಒಳ್ಳೆಯ ಎಂಜಿನ್‌ಗಳು ಮುಂದೆಯೂ ಈ ಬಾಂಬರಿನ ಪಾಲಿಗೆ ಬರಲಿಲ್ಲ, ಫೈಟರ್‌ಗಳಿಗೆ ಮೀಸಲಾದವು. ಇನ್ನೊಂದು ವಿಷಯ. ಅದೇ ಮೈದಾನದಲ್ಲಿ ಅದೇ ಜರ್ಮನ್ ಗುರುತು ಹೊತ್ತು ಮೆಸರ್ಶ್ಮಿಟ್-109 ಎಂಬ ಹೊಸ ಫೈಟರ್ ನಿಂತಿತ್ತು, ಅದೂ ಬಹುಮಾನಗಳನ್ನು ಬಾಚಿಕೊಂಡಿತು. ಆ ವರ್ಷದ ನವೆಂಬರಿನಲ್ಲಿ ಅದರ ಒಂದು ವಿಶೇಷ ಮಾದರಿ ಗಂಟೆಗೆ 611 ಕಿಲೋಮೀಟರ್ ಹಾರಿ ದಾಖಲೆ ಬರೆಯಿತು. ಬ್ರಿಟನ್ನಿನ ಹರಿಕೇನ್ ಮತ್ತು ಸ್ಪಿಟ್‌ಫೈರ್ ಫೈಟರ್‌ಗಳು ಜೂರಿಕ್‌ಗೆ ಬಂದಿರಲಿಲ್ಲ, ಆದರೆ ಎರಡೂ ಅಷ್ಟರೊಳಗೆ ಹಾರಿಯಾಗಿತ್ತು. ಡಿಒ-17 ಗೆದ್ದದ್ದು ನಿವೃತ್ತಿಯ ಅಂಚಿನಲ್ಲಿದ್ದ ಎದುರಾಳಿಗಳನ್ನು. ಗೆದ್ದವರಿಗೆ ಆ ಭಾಗ ಕಾಣಲಿಲ್ಲ, ಅಥವಾ ಕಾಣಬೇಕೆನಿಸಲಿಲ್ಲ.

ಅದೇ ಹೊತ್ತಿಗೆ ಸ್ಪೇನಿನ ಅಂತರ್ಯುದ್ಧದಲ್ಲಿ ಜರ್ಮನಿಯ ಕಾಂಡೋರ್ ದಳ ಫ್ರಾಂಕೋನ ಪರವಾಗಿ ಹೋರಾಡುತ್ತಿತ್ತು. 1937ರ ಏಪ್ರಿಲ್ 26ರಂದು ಗೆರ್ನಿಕಾ ಪಟ್ಟಣವನ್ನು ಸುಟ್ಟ ವಿಮಾನಗಳಲ್ಲಿ ಡಿಒ-17 ಕೂಡ ಇತ್ತು. ಸ್ಪೇನಿನಲ್ಲಿ ಇದನ್ನು ಬೆನ್ನಟ್ಟಿ ಹಿಡಿಯುವುದು ಹಳೆಯ ಫೈಟರ್‌ಗಳಿಗೆ ಸುಲಭವಿರಲಿಲ್ಲ. ನಂಬಿಕೆ ಗಟ್ಟಿಯಾಯಿತು. ಜರ್ಮನಿಯಲ್ಲಿ ಇದನ್ನು ಜನ ಹಾರುವ ಪೆನ್ಸಿಲ್ ಎಂದು ಮುದ್ದಿನಿಂದ ಕರೆದರು.

ಆದರೂ ಸ್ಪೇನ್ ಒಂದು ಪಾಠ ಹೇಳಿಕೊಟ್ಟಿತು: ಹಿಂದಿನಿಂದ, ಅದರಲ್ಲೂ ಕೆಳಗಿನಿಂದ ಬರುವ ಫೈಟರ್‌ಗೆ ಈ ವಿಮಾನದಲ್ಲಿ ಸರಿಯಾದ ಉತ್ತರವಿಲ್ಲ. ಡೋರ್ನಿಯರ್ ಕಾರ್ಖಾನೆ ವಿಮಾನದ ಮೂತಿಯನ್ನೇ ಬದಲಿಸಿತು. ಪೆನ್ಸಿಲ್ಲಿನ ತುದಿಗೆ ಗಾಜಿನ ದೊಡ್ಡ ಬುರುಡೆ ಬಂತು, ಅದರ ತಳ ಕೆಳಕ್ಕೆ ಇಳಿಬಿತ್ತು, ಹಿಂದಕ್ಕೆ ಗುಂಡು ಹಾರಿಸಲು ಅಲ್ಲೊಬ್ಬ ಮಲಗುವಷ್ಟು ಜಾಗವಾಯಿತು. ಡಿಒ-17 ಜೆಡ್ ಎಂಬ ಈ ರೂಪವೇ ಯುದ್ಧದಲ್ಲಿ ಹೆಚ್ಚಾಗಿ ಕಾದಾಡಿದ್ದು. ತಲಾ ಸಾವಿರ ಅಶ್ವಶಕ್ತಿಯ ಎರಡು ಬ್ರಾಮೋ ಎಂಜಿನ್, ಸಾವಿರ ಕಿಲೋ ಬಾಂಬು, ವೇಗ ಹೆಚ್ಚೆಂದರೆ 410 ಕಿಲೋಮೀಟರ್. ಪೂರ್ತಿ ಬಾಂಬು ಹೊತ್ತರೆ ಇಂಧನ ಕಡಿಮೆ ಮಾಡಬೇಕು, ಹಾಗಾಗಿ ದೂರ ಹೋಗಲಾರದು.

ಆ ಗಾಜಿನ ಬುರುಡೆಯೊಳಗೆ ನಾಲ್ಕು ಜನ. ಪೈಲಟ್, ಬಾಂಬು ಎಸೆಯುವವನು, ವೈರ್‌ಲೆಸ್‌ನವನು, ಮೆಕ್ಯಾನಿಕ್. ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ತಾಗುವಷ್ಟು ಒತ್ತಾಗಿ ಕುಳಿತಿರುತ್ತಿದ್ದರು. ಸುತ್ತಲೂ ಕಿಟಕಿಗಳಿಂದ ಮೂತಿ ಹೊರಗಿಟ್ಟ ಮೆಷಿನ್ ಗನ್‌ಗಳು. ಮೊದಲು ಮೂರು, ಆಮೇಲೆ ಆರು, ಕೆಲವು ವಿಮಾನಗಳಲ್ಲಿ ಎಂಟು. ಆದರೆ ಗನ್ ಹೆಚ್ಚಾದಂತೆ ಕೈಗಳು ಹೆಚ್ಚಾಗಲಿಲ್ಲ. ಪ್ರತಿ ಗನ್‌ಗೂ 75 ಗುಂಡುಗಳ ಒಂದು ಡ್ರಮ್. ಅದು ಕೆಲವೇ ಸೆಕೆಂಡಿನಲ್ಲಿ ಖಾಲಿ. ಆಮೇಲೆ ಅದನ್ನು ಕಿತ್ತು ಇನ್ನೊಂದನ್ನು ಕೈಯಿಂದಲೇ ಸಿಕ್ಕಿಸಬೇಕು. ಅತ್ತ ಹರಿಕೇನ್ ರೆಕ್ಕೆಗಳಲ್ಲಿ ಎಂಟು ಗನ್‌ಗಳು ಒಂದೇ ಗುಂಡಿ ಒತ್ತಿದರೆ ಒಟ್ಟಿಗೆ ಉಗುಳುತ್ತಿದ್ದವು. ವೇಗಕ್ಕಾಗಿ ತೆಳ್ಳಗೆ ಮಾಡಿದ ವಿಮಾನಕ್ಕೆ ವೇಗ ಸಾಲದೆಂದು ಗನ್ ಹೇರಿದರು. ಗನ್‌ಗಳ, ಆಳುಗಳ, ಗಾಜಿನ ಭಾರ ಏರುತ್ತ ಹೋಗಿ, ಹೊಸ ಎಂಜಿನ್‌ಗಳಿಂದ ಸಿಗಬಹುದಿದ್ದ ವೇಗವನ್ನು ತಿಂದುಹಾಕಿತು.

1939ರ ಸೆಪ್ಟೆಂಬರಿನಲ್ಲಿ ಪೋಲೆಂಡ್, ಮರುವರ್ಷ ಮೇ ತಿಂಗಳಲ್ಲಿ ಫ್ರಾನ್ಸ್. ಅಲ್ಲೆಲ್ಲ ಜರ್ಮನ್ ಫೈಟರ್‌ಗಳು ಆಕಾಶವನ್ನು ತೆರವು ಮಾಡಿಕೊಟ್ಟಿದ್ದರಿಂದ ಡೋರ್ನಿಯರ್‌ಗಳ ಕೆಲಸ ನಡೆದುಹೋಯಿತು. ತಗ್ಗಿನಲ್ಲಿ ಹಾರಿ ರಸ್ತೆ, ರೈಲು, ವಿಮಾನ ನಿಲ್ದಾಣಗಳ ಮೇಲೆ ಎರಗುವುದರಲ್ಲಿ ಕೆಲವು ತುಕಡಿಗಳು ಪಳಗಿದವು. ಅತ್ತ ಬ್ಲೆನ್‌ಹೈಮ್‌ನ ಗತಿ ಆಗಲೇ ಬೆತ್ತಲಾಗಿತ್ತು: ಮೇ 17ರಂದು ಬೆಲ್ಜಿಯಮ್‌ನ ಜಾಂಬ್ಲೂ ಕಡೆಗೆ ಹೊರಟ 12 ಬ್ಲೆನ್‌ಹೈಮ್‌ಗಳಲ್ಲಿ ಮರಳಿ ಬಂದದ್ದು ಒಂದೇ ಒಂದು.

ಡೋರ್ನಿಯರ್‌ಗಳ ಸರದಿ ಆಗಸ್ಟಿನಲ್ಲಿ ಬಂತು. 1940ರ ಆಗಸ್ಟ್ 18ರ ಮಧ್ಯಾಹ್ನ ಲಂಡನ್ನಿನ ದಕ್ಷಿಣಕ್ಕಿರುವ ಕೆನ್ಲಿ ವಾಯುನೆಲೆಯ ಮೇಲೆ ಮೂರು ಹಂತದ ದಾಳಿಯ ಯೋಜನೆ. ಮೊದಲೆರಡು ಗುಂಪು ಎತ್ತರದಿಂದ ಬಾಂಬು ಹಾಕಬೇಕು. ಕೆಳಗಿನವರು ಗಲಿಬಿಲಿಯಲ್ಲಿರುವಾಗ ಒಂಬತ್ತು ಡೋರ್ನಿಯರ್‌ಗಳು ಮರದ ತಲೆ ಸವರುವಂತೆ ಬಂದು ಉಳಿದದ್ದನ್ನು ಮುಗಿಸಬೇಕು. ಆದರೆ ಮೋಡದಿಂದಾಗಿ ಮೇಲಿನವರು ತಡವಾದರು. ಒಂಬತ್ತು ವಿಮಾನಗಳೇ ಮೊದಲು ಬಂದು, ಪೂರ್ತಿ ಎಚ್ಚರದಲ್ಲಿದ್ದ ನೆಲೆಯ ಎದುರು ಬಿದ್ದವು. ಹ್ಯಾಂಗರ್‌ಗಳೇನೋ ಉರಿದವು. ನೆಲದ ಗನ್‌ಗಳ ಜೊತೆಗೆ, ರಾಕೆಟ್ಟಿನಿಂದ ಉಕ್ಕಿನ ತಂತಿಯನ್ನು ಮೇಲಕ್ಕೆಸೆದು ವಿಮಾನವನ್ನು ಬಲೆಗೆ ಕೆಡವುವ ಒಂದು ವಿಚಿತ್ರ ಆಯುಧವೂ ಅಲ್ಲಿತ್ತು. ನಾಲ್ಕು ಡೋರ್ನಿಯರ್‌ಗಳು ಮನೆ ಸೇರಲಿಲ್ಲ. ಒಂದರಲ್ಲಿ ಪೈಲಟ್ಟನಿಗೇ ಗುಂಡು ತಾಗಿ ಅವನು ಕುಸಿದಾಗ, ಪಕ್ಕದಲ್ಲಿದ್ದ, ಪೈಲಟ್ ಅಲ್ಲದ ಜೊತೆಗಾರ ಕೈಚಾಚಿ ಹಿಡಿಕೆ ಹಿಡಿದು ಫ್ರಾನ್ಸಿನವರೆಗೆ ತಂದಿಳಿಸಿದ. ಆ ಇಕ್ಕಟ್ಟಿನ ಕ್ಯಾಬಿನ್ ಒಮ್ಮೆಯಾದರೂ ಉಪಕಾರ ಮಾಡಿತು.

ಸೆಪ್ಟೆಂಬರ್ 15ರ ಬೆಳಗ್ಗೆ 25 ಡೋರ್ನಿಯರ್‌ಗಳು ಲಂಡನ್ನಿಗೆ ಹೊರಟವು. ಎದುರುಗಾಳಿ ಎಷ್ಟು ಜೋರಿತ್ತೆಂದರೆ ವೇಗದ ಮಾತೇ ಅಣಕವಾಗಿತ್ತು. ಕಾವಲಿಗೆ ಬಂದ ಮೆಸರ್ಶ್ಮಿಟ್‌ಗಳು ಇಂಧನ ತೀರುತ್ತದೆಂದು ಒಂದೊಂದಾಗಿ ಹಿಂತಿರುಗಿದವು. ಊರಿನ ಮೇಲೆ ಬ್ರಿಟಿಷ್ ಫೈಟರ್‌ಗಳು ಹಿಂಡುಹಿಂಡಾಗಿ ಕಾದಿದ್ದವು. ಎಂಜಿನ್ ಕೆಟ್ಟು ಗುಂಪಿನಿಂದ ಹಿಂದುಳಿದ ಒಂದು ಡೋರ್ನಿಯರ್ ಮೇಲೆ ಹಲವರು ಮುಗಿಬಿದ್ದರು. ಸಾರ್ಜೆಂಟ್ ರೇ ಹೋಮ್ಸ್ ಗುರಿಯಿಟ್ಟಾಗ ಅವನ ಗುಂಡುಗಳು ತೀರಿದ್ದವು. ಅವನು ತನ್ನ ಹರಿಕೇನಿನ ರೆಕ್ಕೆಯಿಂದಲೇ ಅದರ ಬಾಲಕ್ಕೆ ಹೊಡೆದ. ಬಾಲ ಮುರಿದ ವಿಮಾನ ವಿಕ್ಟೋರಿಯಾ ರೈಲು ನಿಲ್ದಾಣದ ಅಂಗಳಕ್ಕೆ ಬಿತ್ತು. ಹೋಮ್ಸ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಕೆನ್ನಿಂಗ್ಟನ್ನಿನ ಬೀದಿಗಿಳಿದು, ಗಾಯಗಳಿಂದ ಸತ್ತ. ಡೋರ್ನಿಯರ್ ಅರಮನೆಗೆ ಬಾಂಬು ಹಾಕಲು ಹೊರಟಿತ್ತು, ಹೋಮ್ಸ್ ಅದನ್ನು ತಡೆದ ಎಂದು ಪತ್ರಿಕೆಗಳು ಬರೆದವು. ನಿಜವೆಂದರೆ ಆ ಹೊತ್ತಿಗೆ ಅದು ಕುಂಟುತ್ತಿದ್ದ, ಹೆಚ್ಚುಕಡಿಮೆ ಚಾಲಕನಿಲ್ಲದ ವಿಮಾನ. ಆ 25ರಲ್ಲಿ ಆರು ಮರಳಲಿಲ್ಲ. ಜೂರಿಕ್‌ನ ಚಪ್ಪಾಳೆಗೆ ಆಗ ಸರಿಯಾಗಿ ಮೂರು ವರ್ಷ, ಒಂದೂವರೆ ತಿಂಗಳು.

ತಯಾರಿ ಅಷ್ಟರೊಳಗೆ ನಿಲ್ಲುವ ಹಂತಕ್ಕೆ ಬಂದಿತ್ತು. ಎಲ್ಲ ರೂಪಗಳೂ ಸೇರಿ ಸುಮಾರು ಎರಡು ಸಾವಿರ ವಿಮಾನಗಳು ಹೊರಬಂದಿದ್ದವು. ಉಳಿದವು ಇನ್ನೊಂದು ವರ್ಷ ಬಾಲ್ಕನ್ ಮತ್ತು ರಷ್ಯಾದಲ್ಲಿ ದುಡಿದವು. ಯುಗೊಸ್ಲಾವಿಯದ್ದು ಕಹಿಯಾದ ಪ್ರಸಂಗ. ಆ ದೇಶ ಯುದ್ಧಕ್ಕೆ ಮುಂಚೆ ಜರ್ಮನಿಯಿಂದ ಇದೇ ವಿಮಾನ ಕೊಂಡು, ಫ್ರೆಂಚ್ ಎಂಜಿನ್ ಹಾಕಿಸಿ, ಪರವಾನಗಿ ಪಡೆದು ಕ್ರಾಲ್ಯೆವೊದಲ್ಲಿ ತಾನೂ ತಯಾರಿಸಿತ್ತು. 1941ರ ಏಪ್ರಿಲ್ 6ರಂದು ಬೆಲ್‌ಗ್ರೇಡಿನ ಮೇಲೆ ಬಾಂಬು ಸುರಿಸಿದ ಜರ್ಮನ್ ವಿಮಾನಗಳಲ್ಲಿ ಡೋರ್ನಿಯರ್‌ಗಳಿದ್ದವು, ಜರ್ಮನ್ ಪಡೆಗಳನ್ನು ತಡೆಯಲು ಮೇಲೆದ್ದ ಯುಗೊಸ್ಲಾವ್ ಬಾಂಬರ್‌ಗಳಲ್ಲೂ ಡೋರ್ನಿಯರ್‌ಗಳಿದ್ದವು. ಊರಿನಲ್ಲಿ ಸಾವಿರಾರು ಜನ ಸತ್ತರು. ಗೋರಿಂಗ್ 1942ರಲ್ಲಿ ಫಿನ್ಲೆಂಡಿಗೆ 15 ಹಳೆಯ ಡೋರ್ನಿಯರ್‌ಗಳನ್ನು ಉಡುಗೊರೆ ಕೊಟ್ಟ. ಅವುಗಳಲ್ಲಿ ಐದು ಯುದ್ಧ ಮುಗಿಯುವವರೆಗೆ ಉಳಿದವು.

ವೇಗವೇ ರಕ್ಷೆ ಎಂಬ ಮಾತು ಹಾಗಾದರೆ ಸುಳ್ಳೇ? ಇಲ್ಲ. 1940ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಮರದ ಮೈಯ ಮಾಸ್ಕಿಟೊ ಹಾರಿತು. ಅದರ ಬಾಂಬರ್ ರೂಪದಲ್ಲಿ ಒಂದೇ ಒಂದು ಗನ್ ಇರಲಿಲ್ಲ, ಇಬ್ಬರೇ ಜನ, ಗಂಟೆಗೆ 600 ಕಿಲೋಮೀಟರ್ ವೇಗ. 1943ರ ಜನವರಿ 30ರಂದು ಹಗಲು ಹೊತ್ತಿನಲ್ಲೇ ಬರ್ಲಿನ್ನಿಗೆ ಬಂದು, ಗೋರಿಂಗ್ ರೇಡಿಯೊ ಭಾಷಣಕ್ಕೆ ಕೂರುವ ಸಮಯಕ್ಕೆ ಸರಿಯಾಗಿ ಬಾಂಬು ಹಾಕಿಹೋಯಿತು. ಅವರು ನಂಬಿಕೆಯನ್ನು ಕೊನೆಯವರೆಗೂ ನಡೆಸಿದರು. ಡೋರ್ನಿಯರ್‌ನವರು ಅರ್ಧ ದಾರಿಯಲ್ಲಿ ಅಳುಕಿ ಗನ್ ಹೇರಿದರು; ಓಡಲೂ ಆಗದ, ಕಾದಾಡಲೂ ಆಗದ ಎಡೆಯಲ್ಲಿ ನಿಂತರು. ಆ ಎಡೆಯಲ್ಲಿ ಕುಳಿತಿದ್ದದ್ದು ವಿಮಾನಕ್ಕೆ ನಾಲ್ಕರಂತೆ ಇಪ್ಪತ್ತರ ಹರೆಯದ ಹುಡುಗರು.

ಇಷ್ಟೊಂದು ವಿಮಾನಗಳಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದದ್ದು ಒಂದೇ. 1940ರ ಆಗಸ್ಟ್ 26ರಂದು ಇಂಗ್ಲಿಷ್ ಕಾಲುವೆಯ ಗುಡ್ವಿನ್ ಮರಳದಿಬ್ಬದ ಮೇಲೆ ಇಳಿದು ಮುಳುಗಿದ ಡಿಒ-17 ಅದು. ಅದನ್ನು ಹೊಡೆದದ್ದು ಡಿಫಯಂಟ್ ಎಂಬ ಫೈಟರ್ ಎಂದು ಹೇಳಲಾಗುತ್ತದೆ. ಮುಂದಕ್ಕೆ ಗುಂಡು ಹಾರಿಸುವ ಗನ್ನೇ ಇಲ್ಲದ, ಬೆನ್ನ ಮೇಲಿನ ಗೋಪುರದಿಂದ ಮಾತ್ರ ಹೊಡೆಯುತ್ತಿದ್ದ, ತನ್ನ ಕುಲದಲ್ಲೇ ನಿಧಾನವಾದ ಫೈಟರ್ ಇದು. ಅದೂ ಕೆಲವೇ ದಿನಗಳಲ್ಲಿ ಹಗಲಿನ ಕಾಳಗದಿಂದ ಹೊರಬಿತ್ತು. ಡೋರ್ನಿಯರ್‌ನ ನಾಲ್ವರಲ್ಲಿ ಇಬ್ಬರು ಸೆರೆಸಿಕ್ಕರು, ಇಬ್ಬರು ಸತ್ತರು. ಎಪ್ಪತ್ತಕ್ಕೂ ಹೆಚ್ಚು ವರ್ಷ ಮರಳಿನಲ್ಲಿ ತಲೆಕೆಳಗಾಗಿ ಮಲಗಿದ್ದ ವಿಮಾನವನ್ನು ಬ್ರಿಟಿಷ್ ವಾಯುಪಡೆಯ ಮ್ಯೂಸಿಯಂನವರು 2013ರ ಜೂನ್ 10ರಂದು ಕ್ರೇನಿನಿಂದ ಎತ್ತಿದರು. ಆಮೇಲೆ ಅದನ್ನು ಕಾಸ್ಫರ್ಡ್‌ಗೆ ಒಯ್ದು, ಪ್ಲಾಸ್ಟಿಕ್ಕಿನ ಉದ್ದನೆಯ ಡೇರೆಗಳೊಳಗೆ ಇರಿಸಿ, ಉಪ್ಪು ತಿಂದ ಅಲ್ಯುಮಿನಿಯಂ ಮೇಲೆ ಸಿಟ್ರಿಕ್ ಆಮ್ಲ ಬೆರೆಸಿದ ನೀರನ್ನು ಚಿಮುಕಿಸುತ್ತ ಹೋದರು.