ಒಂದೇ ದಂಡಯಾತ್ರೆ, ಎರಡು ಗೆಲುವು

ತುಂಗಭದ್ರೆಯ ದಂಡೆಯ ಹರಿಹರದಲ್ಲಿ 1277ರ ಶಾಸನವೊಂದಿದೆ. ಸೇವುಣ ಅರಸ ರಾಮಚಂದ್ರನ ದಂಡನಾಯಕ ಸಾಳುವ ತಿಕ್ಕಮ ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆ ಏರಿಹೋಗಿ, ಆನೆ ಕುದುರೆಗಳನ್ನು ಕಪ್ಪವಾಗಿ ತಂದನೆಂದು ಅದು ಹೊಗಳುತ್ತದೆ. ಹೊಯ್ಸಳರ ಕಡೆಯ ಶಾಸನಗಳು ಹೇಳುವುದೇ ಬೇರೆ: 1276ರಲ್ಲಿ ಬೆಳವಾಡಿಯ ಹತ್ತಿರ ತಿಕ್ಕಮನ ದಂಡು ಮುರಿಯಿತು, ಚಿಕ್ಕಕೇತಯ್ಯ ಮೊದಲಾದವರು ಅದನ್ನು ದುಮ್ಮಿಯಾಚೆಗೆ ಅಟ್ಟಿದರು. ಇಬ್ಬರೂ ಗೆದ್ದರು; ಸೋತವರು ಯಾರೂ ಇಲ್ಲ.

ನಮ್ಮ ಶಾಸನಾಧ್ಯಯನ ಇಂಥ ಮಾತುಗಳನ್ನು ಕಂಡ ಬಗೆ ಕಾಲದಿಂದ ಕಾಲಕ್ಕೆ ಬದಲಾಗಿದೆ. ಫ್ಲೀಟ್ 1882ರಲ್ಲಿ ಕನ್ನಡ ನಾಡಿನ ರಾಜವಂಶಗಳ ಚರಿತ್ರೆ ಬರೆದಾಗ ಬೇಕಿದ್ದುದು ಹೆಸರು, ತೇದಿ, ತಂದೆ-ಮಗನ ಕ್ರಮ. ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1903ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟವಾಗಿ ತಂದರು. ಆಗ ದಾವಣಗೆರೆ, ಹರಿಹರ ಆ ಜಿಲ್ಲೆಗೇ ಸೇರಿದ್ದವು. 1957ರಲ್ಲಿ ಡೆರೆಟ್ ಹೊಯ್ಸಳರ ಬಗ್ಗೆ ಬರೆಯುವ ಹೊತ್ತಿಗೆ ವಂಶಾವಳಿಯ ಚೌಕಟ್ಟು ಗಟ್ಟಿಯಾಗಿತ್ತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂದು, ಅರಸನಿಂದ ಸಮಾಜದತ್ತ ಕಣ್ಣು ಹೊರಳಿಸಿತು. ಇದು ದೊಡ್ಡ ತಿರುವು. ಆದರೆ ಮೊದಲಿನವರು ಜೊಳ್ಳೆಂದು ತೂರಿದ ಪ್ರಶಸ್ತಿಯ, ಅಂದರೆ ಹೊಗಳಿಕೆಯ, ಭಾಗವನ್ನು ಮುಂದಿನವರೂ ಬಹುಮಟ್ಟಿಗೆ ಹಾಗೆಯೇ ಬಿಟ್ಟರೆಂದು ನನಗೆ ಅನ್ನಿಸುತ್ತದೆ.

ಬಿಡಬೇಕಿಲ್ಲ ಎನ್ನಲು ಬ್ಯಾಬಿಲೋನಿನ ಉದಾಹರಣೆ ಒದಗುತ್ತದೆ. ಕ್ರಿ.ಪೂ. 691ರ ಹಲುಲೆ ಕಾಳಗದಲ್ಲಿ ತಾನು ಶತ್ರುವನ್ನು ನುಚ್ಚುನೂರು ಮಾಡಿದೆನೆಂದು ಅಸೀರಿಯಾದ ಸೆನ್ನಖೆರಿಬ್ ಬರೆಸಿದ. ಬ್ಯಾಬಿಲೋನಿನ ವೃತ್ತಾಂತದ ಜೇಡಿಫಲಕ ಮಾತ್ರ ಅಸೀರಿಯದ ಸೇನೆಯೇ ಹಿಮ್ಮೆಟ್ಟಿತೆಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಆ ವೃತ್ತಾಂತಗಳು ಬ್ಯಾಬಿಲೋನಿನ ಸೋಲುಗಳನ್ನೂ ಅಷ್ಟೇ ನಿರ್ವಿಕಾರವಾಗಿ ದಾಖಲಿಸುವುದರಿಂದ ವಿದ್ವಾಂಸರು ಅವುಗಳಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಅಂಥ ವರ್ಷವಾರು ವೃತ್ತಾಂತ ಹೊಯ್ಸಳ-ಸೇವುಣರ ಜಗಳಕ್ಕೆ ನಮ್ಮಲ್ಲಿಲ್ಲ. ಹಾಗಾದರೆ ಎರಡು ಬಡಾಯಿಗಳ ನಡುವೆ ಸತ್ಯ ಹುಡುಕುವುದು ವ್ಯರ್ಥವಲ್ಲವೇ ಎಂದು ಕೇಳಬಹುದು. ನನ್ನ ಉತ್ತರ ಅಲ್ಲ ಎಂದೇ. ಎರಡೂ ಕಡೆಯವರು ಯಾವುದರಲ್ಲಿ ಜಗಳವಾಡುತ್ತಿಲ್ಲ ಎಂಬುದನ್ನು ಮೊದಲು ನೋಡಬೇಕು: ತಿಕ್ಕಮನೇ ಬಂದ, ಹೊಯ್ಸಳರ ರಾಜಧಾನಿಯ ಹೊಸ್ತಿಲವರೆಗೆ ಬಂದ, ಅಲ್ಲಿ ನಿಲ್ಲದೆ ಮರಳಿದ. ಮರಳಿದ್ದನ್ನು ಒಬ್ಬರು ಕೊಳ್ಳೆ ತುಂಬಿದ ಹಿಂದಿರುಗುವಿಕೆ ಎಂದರು, ಇನ್ನೊಬ್ಬರು ಪಲಾಯನ ಎಂದರು. ಕೊಳ್ಳೆ ಹೊಡೆದದ್ದೂ ನಿಜ, ಹೊಡೆತ ತಿಂದದ್ದೂ ನಿಜವಾಗಿರಲು ಅಡ್ಡಿಯೇನಿಲ್ಲ.

ಶಾಸನದ ಮಾತಿಗಿಂತ ಅದು ನಿಂತ ಜಾಗ ಹೆಚ್ಚು ಹೇಳುತ್ತದೆ. ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ. 1268ರಲ್ಲಿ ಅಲ್ಲಿ ಕೆಲಸ ಮುಂದುವರಿಸಿದವನು ಸೋಮನಾಥಪುರದ ಸೋಮ ದಂಡನಾಯಕ. ಒಂಬತ್ತೇ ವರ್ಷದಲ್ಲಿ ಅದೇ ಕ್ಷೇತ್ರದಲ್ಲಿ ಶತ್ರುವಿನ ದಂಡನಾಯಕ ತನ್ನ ಹೊಗಳಿಕೆಯನ್ನು ಕಲ್ಲಿಗೇರಿಸುತ್ತಾನೆ. ದಾರಿಹೋಕ ದಂಡೂ ಕಲ್ಲು ನೆಡಬಹುದಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ; ಒಂದು ಕಲ್ಲಿನಿಂದ ಸೀಮೆಯ ಒಡೆತನ ಸಾಬೀತಾಗದು. ಆದರೆ ಬೆನ್ನಟ್ಟಿಸಿಕೊಂಡವನು ಹೊಯ್ಸಳರು ಕಟ್ಟಿದ ಕ್ಷೇತ್ರದಲ್ಲಿ ಮರುವರ್ಷವೇ ನಿಶ್ಚಿಂತೆಯಿಂದ ಶಾಸನ ಹಾಕಿಸಿದನೆಂದರೆ, ಹೊಯ್ಸಳರ ಅಟ್ಟುವಿಕೆ ತುಂಗಭದ್ರೆಯ ದಂಡೆ ಮುಟ್ಟಲಿಲ್ಲ ಎಂದಾದರೂ ಒಪ್ಪಬೇಕು. ಹೊಯ್ಸಳರ ಶಾಸನಗಳೂ ಅಟ್ಟಿದ್ದು ದುಮ್ಮಿಯಾಚೆಗೆ ಎನ್ನುತ್ತವೆಯೇ ಹೊರತು ಹೊಳೆಯಾಚೆಗೆ ಎನ್ನುವುದಿಲ್ಲ.