ಅವಕೆಂಪು ಆಕರಗಳ ಗುರುತಿಸುವಿಕೆ

ಅವಕೆಂಪು ಉಪಗ್ರಹಗಳ ಪಟ್ಟಿಯಲ್ಲಿ ಬರಿಯ ಬಿಂದುಗಳಾಗಿ ದಾಖಲಾದ ಆಕರಗಳು ನಿಜವಾಗಿ ಯಾವ ಕಾಯಗಳೆಂದು ನಿರ್ಧರಿಸುವ ಖಗೋಳವಿಜ್ಞಾನದ ಕೆಲಸ. ಆಕಾಶಗಂಗೆಯಲ್ಲಿ ಇಂಥವುಗಳಲ್ಲಿ ಬಹಳಷ್ಟು ದೂಳು ಮುಸುಕಿದ ನಕ್ಷತ್ರಗಳು: ಹುಟ್ಟುತ್ತಿರುವವು ಇಲ್ಲವೇ ಕೊನೆಗಾಲದವು. ದೂಳು ನಕ್ಷತ್ರದ ಬೆಳಕನ್ನು ಹೀರಿ ಬೆಚ್ಚಗಾಗಿ ಅವಕೆಂಪು ಕಿರಣಗಳನ್ನು ಸೂಸುತ್ತದೆ. ಎರಡನೆಯ ಬಗೆಯ ನಕ್ಷತ್ರಗಳ ಶೋಧದಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎಂ. ಪಾರ್ಥಸಾರಥಿಯವರ ಪಾಲು ಹಿರಿದು.

ವೀಕ್ಷಣೆ: ವಾತಾವರಣದ ನೀರಾವಿ ಅವಕೆಂಪಿನ ಬಹುಭಾಗವನ್ನು ತಡೆಯುತ್ತದೆ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದ ಒಣಹವೆಯಲ್ಲೂ, ದೂರದ ಅವಕೆಂಪು ನೆಲ ಮುಟ್ಟುವುದಿಲ್ಲ. ಕೊಪ್ಪ, ಶೃಂಗೇರಿಗಳ ತೇವದ ಗಾಳಿಯಲ್ಲಂತೂ ಮಾತೇ ಇಲ್ಲ. 1983ರ ಜನವರಿಯಲ್ಲಿ ಅಮೆರಿಕ, ನೆದರ್ಲೆಂಡ್ಸ್, ಬ್ರಿಟನ್‌ಗಳು ಹಾರಿಸಿದ ಐರಾಸ್ ಉಪಗ್ರಹ 57 ಸೆಂ.ಮೀ. ದೂರದರ್ಶಕವನ್ನು ದ್ರವ ಹೀಲಿಯಂನಿಂದ ತಣಿಸಿ, ಹೀಲಿಯಂ ತೀರಿದ ನವೆಂಬರ್‌ವರೆಗೆ ಆಕಾಶದ ಶೇ. 96ರಷ್ಟನ್ನು ಅಳೆಯಿತು. ಅದರ ಬಿಂದು ಆಕರಗಳ ಪಟ್ಟಿಯಲ್ಲಿ ಸುಮಾರು 2.5 ಲಕ್ಷ ನಮೂದುಗಳಿವೆ.

ವಿಧಾನ: ಐರಾಸ್ 17119−5926 ಎಂಬ ಹೆಸರು ಆಕಾಶದಲ್ಲಿನ ವಿಳಾಸವಷ್ಟೆ: ವಿಷುವದಂಶ 17 ಗಂಟೆ 11.9 ನಿಮಿಷ, ದಕ್ಷಿಣ ಘಂಟಾವೃತ್ತಾಂಶ 59 ಡಿಗ್ರಿ 26 ಕಲೆ, 1950ರ ಲೆಕ್ಕದಂತೆ. ಜೊತೆಗೆ 12, 25, 60, 100 ಮೈಕ್ರಾನ್ ತರಂಗಾಂತರಗಳಲ್ಲಿ ನಾಲ್ಕು ಅಳತೆಗಳಿರುತ್ತವೆ. ಅವುಗಳ ಅನುಪಾತದಿಂದ ದೂಳಿನ ಉಷ್ಣತೆಯನ್ನು ಅಂದಾಜು ಮಾಡಬಹುದು. 25 ಮೈಕ್ರಾನಿನ ಆಸುಪಾಸಿನಲ್ಲಿ ಪ್ರಖರವಾಗಿ 100ರಲ್ಲಿ ಮಂಕಾದರೆ ಅದು 100–200 ಕೆಲ್ವಿನ್‌ನ ಚಿಪ್ಪು. 100ರ ಕಡೆಗೆ ಏರುತ್ತಲೇ ಹೋದರೆ ತಣ್ಣನೆಯ ಮೋಡವೋ ಬೇರೊಂದು ಗೆಲಾಕ್ಸಿಯೋ ಇರಬಹುದು. ಅನುಪಾತ ದಾರಿ ತೋರಿಸುತ್ತದೆ, ತೀರ್ಮಾನ ಕೊಡುವುದಿಲ್ಲ. ಆಕಾಶಗಂಗೆಯ ದಟ್ಟ ಭಾಗದಲ್ಲಿ ಸ್ಥಾನದ ಅನಿಶ್ಚಿತತೆಯೊಳಗೇ ಹಲವು ನಕ್ಷತ್ರಗಳು ಬೀಳುವುದರಿಂದ, ರೋಹಿತ ತೆಗೆಯದೆ ಯಾವ ಗುರುತನ್ನೂ ಖಚಿತವೆನ್ನಲಾಗದು.

ಎಚ್‌ಡಿ 161796 ಮತ್ತು ಎಸ್‌ಎಒ 244567: ರೋಹಿತದಲ್ಲಿ ಎಚ್‌ಡಿ 161796 ಮಹಾದೈತ್ಯ ನಕ್ಷತ್ರದಂತಿದೆ. ನಿಜವಾದ ಮಹಾದೈತ್ಯಗಳು ಆಕಾಶಗಂಗೆಯ ತಟ್ಟೆಯಲ್ಲಿ ಹುಟ್ಟಿ, ದೂರ ಸರಿಯುವ ಮೊದಲೇ ಆಯಸ್ಸು ಮುಗಿಸುತ್ತವೆ. ಇದು ತಟ್ಟೆಯಿಂದ ಸುಮಾರು 31 ಡಿಗ್ರಿ ಆಚೆಗಿದೆ. ಪಾರ್ಥಸಾರಥಿ ಮತ್ತು ಗ್ರೋನಿಂಗನ್‌ನ ಸ್ಟೂವರ್ಟ್ ಪೊಟ್ಟಾಶ್ 1986ರಲ್ಲಿ ಐರಾಸ್ ಅಳತೆಗಳಿಂದ ಇದರ ಸುತ್ತ ತಣ್ಣನೆಯ ದೂಳಿನ ಚಿಪ್ಪಿರುವುದನ್ನು ತೋರಿಸಿದರು. ಇದು ಕೆಂಪು ದೈತ್ಯವಾಗಿ ಹೊದಿಕೆಯನ್ನು ಕಳಚಿಕೊಂಡ, ಗ್ರಹೀಯ ನೀಹಾರಿಕೆಯಾಗುವ ಹಾದಿಯಲ್ಲಿರುವ ಕಡಿಮೆ ತೂಕದ ನಕ್ಷತ್ರವೆಂಬುದು ಅವರ ವಾದ. ಸಿದ್ಧಾಂತದಲ್ಲಷ್ಟೇ ಸ್ಪಷ್ಟವಾಗಿದ್ದ ಈ ನಡುವಿನ ಹಂತದ ಹಲವು ನಕ್ಷತ್ರಗಳು ಆ ಬಳಿಕ ಇದೇ ವಿಧಾನದಲ್ಲಿ ದೊರೆತವು.

ಇವುಗಳಲ್ಲಿ ಅತ್ಯಂತ ಮಹತ್ವದ್ದು ಮೇಲೆ ಹೆಸರಿಸಿದ 17119−5926, ಅಂದರೆ ಎಸ್‌ಎಒ 244567. ಅದರ 1971ರ ರೋಹಿತ ಬಿಸಿ ಬಿ ವರ್ಗದ ನಕ್ಷತ್ರದ್ದು. 1990 ಮತ್ತು 1992ರ ರೋಹಿತಗಳಲ್ಲಿ ಎಳೆಯ ಗ್ರಹೀಯ ನೀಹಾರಿಕೆಯ ಉತ್ಸರ್ಜನ ರೇಖೆಗಳು ಎದ್ದು ಕಂಡವು. ಸಾವಿರಾರು ವರ್ಷಗಳ ಲೆಕ್ಕದಲ್ಲಿ ಹೇಳುವ ಬದಲಾವಣೆ ಒಂದು ಮಾನವ ಜೀವಿತದೊಳಗೆ ನಡೆದಿದೆಯೆಂದು ಪಾರ್ಥಸಾರಥಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಹಳೆಯ ರೋಹಿತ ಉಳಿದಿರದಿದ್ದರೆ ಈ ಹೋಲಿಕೆ ಸಾಧ್ಯವೇ ಇರಲಿಲ್ಲ. ಹಬಲ್ ದೂರದರ್ಶಕ ಚಿತ್ರಿಸಿದ ಸ್ಟಿಂಗ್‌ರೇ ನೀಹಾರಿಕೆ ಇದೇ. ಕೇಂದ್ರದ ನಕ್ಷತ್ರ 2002ರ ಹೊತ್ತಿಗೆ ಸುಮಾರು 60,000 ಕೆಲ್ವಿನ್‌ಗೆ ಏರಿ ಮತ್ತೆ ತಣ್ಣಗಾಗತೊಡಗಿತು; ಒಳಗಿನ ಹೀಲಿಯಂ ಪದರ ತಡವಾಗಿ ಮತ್ತೊಮ್ಮೆ ಹೊತ್ತಿಕೊಂಡದ್ದು ಕಾರಣವಿರಬೇಕೆಂದು ಊಹೆ. 1996 ಮತ್ತು 2016ರ ಚಿತ್ರಗಳ ನಡುವೆ ನೀಹಾರಿಕೆಯೂ ತೀವ್ರವಾಗಿ ಮಂಕಾಗಿದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಂದ ಇದು ದಕ್ಷಿಣ ದಿಗಂತಕ್ಕಿಂತ 17 ಡಿಗ್ರಿಯಷ್ಟೇ ಮೇಲೇರುತ್ತದೆ. ಜುಲೈ ಕೊನೆಯ ರಾತ್ರಿಗಳಲ್ಲಿ ಒಂಬತ್ತರ ಸುಮಾರಿಗೆ ಅಷ್ಟು ಎತ್ತರದಲ್ಲಿದ್ದರೂ ಮಳೆಯ ಮೋಡ ಬಿಡುವುದಿಲ್ಲ. ಮಾರ್ಚ್ ಕೊನೆಯ ಬೆಳಗಿನ ಜಾವ, ದಕ್ಷಿಣಕ್ಕೆ ಗುಡ್ಡವಿಲ್ಲದ ಜಾಗದಿಂದ, ಈ ನೀಹಾರಿಕೆಯಿರುವ ಆರಾ ನಕ್ಷತ್ರಪುಂಜವನ್ನು ನೋಡಬಹುದು. ನೀಹಾರಿಕೆ ಬರಿಗಣ್ಣಿಗೆ ಕಾಣದು.

ಅನಂತರದ ಉಪಗ್ರಹಗಳು: ಸ್ಪಿಟ್ಜರ್ (2003), ಅಕಾರಿ (2006), ವೈಸ್ (2009) ಇನ್ನೂ ಸೂಕ್ಷ್ಮವಾಗಿ ಸ್ಥಾನಗಳನ್ನು ಅಳೆದವು. ಐರಾಸ್‌ಗೆ ಒಂದೇ ಬಿಂದುವಾಗಿದ್ದ ಕೆಲವು ಆಕರಗಳು ಅವುಗಳಲ್ಲಿ ಎರಡು ಮೂರಾಗಿ ಒಡೆದದ್ದರಿಂದ ಹಳೆಯ ಗುರುತುಗಳನ್ನು ಮತ್ತೆ ಪರಿಶೀಲಿಸಬೇಕಾಯಿತು.