ಹಾಕ್ ಮೌಂಟನ್‌ನ ಗಿಡುಗ ಎಣಿಕೆ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ, ಅಪಲೇಶಿಯನ್ ಪರ್ವತಗಳ ಭಾಗವಾದ ಕಿಟಟಿನಿ ಬೆಟ್ಟಸಾಲಿನ ಮೇಲೆ ಹಾದು ದಕ್ಷಿಣಕ್ಕೆ ವಲಸೆ ಹೋಗುವ ಹದ್ದು, ಗಿಡುಗ, ಚಾಣಗಳನ್ನು ಪ್ರತಿವರ್ಷ ಎಣಿಸಿ ದಾಖಲಿಸುವ ಕಾರ್ಯ. 1934ರಲ್ಲಿ ಆರಂಭವಾದ ಇದು, ಎರಡನೆಯ ಮಹಾಯುದ್ಧದ ಕಾಲದ ಮೂರು ವರ್ಷ ಬಿಟ್ಟರೆ, ಇಂದಿನವರೆಗೂ ನಡೆದುಬಂದಿದೆ. ಬೇಟೆಹಕ್ಕಿಗಳ ವಲಸೆಗೆ ಸಂಬಂಧಿಸಿದಂತೆ ಜಗತ್ತಿನಲ್ಲಿರುವ ಅತಿ ದೀರ್ಘ ದಾಖಲೆ ಇದೇ. ಇದನ್ನು ಕಟ್ಟಿದವರಲ್ಲಿ ವಿಜ್ಞಾನಿಗಳಿದ್ದಾರೆ, ತರಬೇತಿಗೆಂದು ದೂರದ ದೇಶಗಳಿಂದ ಬಂದ ಯುವಜನರಿದ್ದಾರೆ. ಅವರ ಜೊತೆಗೆ, ಕೂಲಿ ಸಂಬಳ ಏನನ್ನೂ ಬಯಸದೆ ಚಳಿಗಾಳಿಯಲ್ಲಿ ಬಂಡೆಯ ಮೇಲೆ ಕೂತ ಸ್ವಯಂಸೇವಕರಿದ್ದಾರೆ.

ಹಕ್ಕಿಗಳು ಈ ಬೆಟ್ಟಕ್ಕೇ ಏಕೆ ಬರುತ್ತವೆ ಎಂಬುದಕ್ಕೆ ಗಾಳಿಯೇ ಉತ್ತರ. ಅಗಲ ರೆಕ್ಕೆಯ ಹಕ್ಕಿಗೆ ರೆಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಸಾಗುವುದು ಬಹಳ ದುಬಾರಿ. ವಾಯವ್ಯದಿಂದ ಬೀಸುವ ಗಾಳಿ ಉದ್ದನೆಯ ಬೆಟ್ಟಸಾಲಿಗೆ ಅಡ್ಡಲಾಗಿ ಬಡಿದು ಮೇಲಕ್ಕೆ ತಿರುಗುತ್ತದೆ. ಆ ಏರುಗಾಳಿಯ ಮೇಲೆ ರೆಕ್ಕೆ ಚಾಚಿದರೆ ಸಾಕು, ಹಕ್ಕಿ ಜಾರುಬಂಡಿಯಲ್ಲಿ ಕೂತಂತೆ ಸಾಗುತ್ತದೆ. ಬಿಸಿಲು ಕಾಯಿಸಿದ ಕಣಿವೆಯಿಂದ ಏಳುವ ಬಿಸಿಗಾಳಿಯ ಕಂಬಗಳು ಇನ್ನೊಂದು ಆಸರೆ. ಉತ್ತರದಿಂದ ತಣ್ಣನೆಯ ಹವೆ ನುಗ್ಗಿ, ಮಳೆ ಕಳೆದು, ಆಕಾಶ ತಿಳಿಯಾದ ಮರುದಿನವೇ ಹಕ್ಕಿಗಳ ದೊಡ್ಡ ದಿನ.

ಇದೇ ಗಾಳಿ ಒಂದು ಕಾಲಕ್ಕೆ ಅವುಗಳಿಗೆ ಮೃತ್ಯುವಾಗಿತ್ತು. ಬಂಡೆಯ ಮಟ್ಟದಲ್ಲೇ ತೇಲಿಬರುವ ಗಿಡುಗಗಳನ್ನು ಬಂದೂಕುಗಾರರು ಸಾಲಾಗಿ ನಿಂತು ಹೊಡೆದುರುಳಿಸುತ್ತಿದ್ದರು. ಬೇಟೆಹಕ್ಕಿ ಎಂದರೆ ಕೋಳಿ ಕದಿಯುವ ಪೀಡೆ ಎಂಬುದು ಅಂದಿನ ಜನರ ನಂಬಿಕೆ. ಗಾಸ್‌ಹಾಕ್ ಎಂಬ ಗಿಡುಗವೊಂದರ ತಲೆಗೆ 1929ರಲ್ಲಿ ಪೆನ್ಸಿಲ್ವೇನಿಯ ಸರ್ಕಾರವೇ 5 ಡಾಲರ್ ಇನಾಮು ಗೊತ್ತುಮಾಡಿತ್ತು. 1932ರಲ್ಲಿ ರಿಚರ್ಡ್ ಪೌ ಎಂಬ ತರುಣ ಸತ್ತ ಹಕ್ಕಿಗಳನ್ನು ಕಾಡಿನ ನೆಲದ ಮೇಲೆ ಸಾಲಾಗಿ ಜೋಡಿಸಿ ಛಾಯಾಚಿತ್ರ ತೆಗೆದ. ಆ ಚಿತ್ರಗಳನ್ನು ಕಂಡು ಸುಮ್ಮನಿರಲಾರದೆ ಹೋದವರು ನ್ಯೂಯಾರ್ಕಿನ ರೋಸಲಿ ಎಡ್ಜ್. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ್ದ ಈಕೆ 1934ರಲ್ಲಿ ಬೆಟ್ಟದ ಸುಮಾರು 1,400 ಎಕರೆಯನ್ನು ಗುತ್ತಿಗೆಗೆ ಹಿಡಿದು, ಮಾರಿಸ್ ಬ್ರೌನ್ ಎಂಬ ಪಕ್ಷಿತಜ್ಞನನ್ನು ಕಾವಲಿಗೆ ಇಟ್ಟರು. ಆತನ ಹೆಂಡತಿ ಇರ್ಮಾ ದಾರಿಯ ಬಾಗಿಲಲ್ಲಿ ನಿಂತು ಬೇಟೆಗಾರರನ್ನು ಹಿಂದಕ್ಕೆ ಕಳಿಸುತ್ತಿದ್ದಳು. ಮೇಲೆ ಬ್ರೌನ್ ಎಣಿಸುತ್ತ ಕೂತ. ಬಾಗಿಲಲ್ಲಿ ಇರ್ಮಾ ಅಲುಗದೆ ನಿಂತದ್ದರಿಂದಲೇ ಮೇಲೆ ಎಣಿಕೆ ನಡೆಯಿತು. ಈ ಚರಿತ್ರೆಯಲ್ಲಿ ಆಕೆಗೆ ಸಲ್ಲಬೇಕಾದ ಪಾಲು ದೊಡ್ಡದು. ಬೇಟೆಹಕ್ಕಿಗಳಿಗಾಗಿಯೇ ಮೀಸಲಾದ ಜಗತ್ತಿನ ಮೊದಲ ಅಭಯಧಾಮ ಹುಟ್ಟಿದ್ದು ಹೀಗೆ.

ಎಣಿಕೆಯ ಮುಖ್ಯ ನೆಲೆ ನಾರ್ತ್ ಲುಕೌಟ್ ಎಂಬ ಬಂಡೆಗಳ ನೆತ್ತಿ. ಎತ್ತರ 1,521 ಅಡಿ. ಎಣಿಕೆ ಆಗಸ್ಟ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ನಡೆಯುತ್ತದೆ. ಎದುರಿನ ಬೆಟ್ಟಸಾಲಿನ ಉಬ್ಬುಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟುಕೊಂಡಿದ್ದಾರೆ. "ಮೂರರ ಮೇಲೊಂದು" ಎಂದು ಯಾರಾದರೂ ಕೂಗಿದರೆ ಎಲ್ಲ ದುರ್ಬೀನುಗಳೂ ಅತ್ತ ತಿರುಗುತ್ತವೆ. ಮೊದಲು ಕಾಣುವುದು ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಬಣ್ಣ ಕಾಣುವ ಮುಂಚೆಯೇ ಅದರ ಗುರುತು ಹಿಡಿಯಬೇಕು: ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಓಲಾಡಿದರೆ ಟರ್ಕಿ ರಣಹದ್ದು, ಹಲಗೆಯಂತೆ ನೇರ ಚಾಚಿದ್ದರೆ ಬಾಲ್ಡ್ ಈಗಲ್, ನಾಲ್ಕಾರು ಬಾರಿ ಪಟಪಟನೆ ಬಡಿದು ಜಾರಿದರೆ ನಮ್ಮ ಬಿಜ್ಜುವನ್ನು ಹೋಲುವ ಶಾರ್ಪ್ ಶಿನ್ಡ್ ಗಿಡುಗ. ಕಂಬಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಗೂಬೆಯ ಮೇಲೆ ಈ ಪುಟ್ಟ ಗಿಡುಗ ಎರಗಿಬರುವುದುಂಟು. ಆಗ ಅದರ ಕಣ್ಣಿನ ಬಣ್ಣವೂ ಬರಿಗಣ್ಣಿಗೇ ಕಾಣುತ್ತದೆ.

ಸೆಪ್ಟೆಂಬರ್ ಮಧ್ಯದಲ್ಲಿ ಅಗಲರೆಕ್ಕೆಯ ಗಿಡುಗಗಳು (ಬ್ರಾಡ್ ವಿಂಗ್ಡ್ ಹಾಕ್) ಮಧ್ಯ ಮತ್ತು ದಕ್ಷಿಣ ಅಮೆರಿಕಕ್ಕೆ ಹೊರಡುತ್ತವೆ. ಬಿಸಿಗಾಳಿಯ ಕಂಬದಲ್ಲಿ ನೂರಾರು ಹಕ್ಕಿಗಳು ಒಂದರೊಳಗೊಂದು ಸುತ್ತುತ್ತ ಮೇಲೇರುವಾಗ ಎಣಿಸಲು ಹೋದರೆ ಲೆಕ್ಕ ತಪ್ಪುವುದು ಖಂಡಿತ. ಅನುಭವಸ್ಥರು ಕಾಯುತ್ತಾರೆ. ಕಂಬದ ತುದಿ ಮುಟ್ಟಿದ ಹಕ್ಕಿಗಳು ಒಂದರ ಹಿಂದೊಂದು ದಕ್ಷಿಣಕ್ಕೆ ಜಾರತೊಡಗಿದಾಗ, ದಾರದಲ್ಲಿ ಪೋಣಿಸಿದ ಮಣಿಗಳಂತೆ ಅವು ಸಾಲಾದಾಗ, ಕೈಯಲ್ಲಿರುವ ಕ್ಲಿಕ್ಕರ್ ಒತ್ತುತ್ತಾರೆ. 1978ರ ಸೆಪ್ಟೆಂಬರ್ 14ರಂದು ಹೀಗೆ ಈ ಒಂದೇ ಜಾತಿಯ 21 ಸಾವಿರಕ್ಕೂ ಹೆಚ್ಚು ಹಕ್ಕಿಗಳು ಲೆಕ್ಕಕ್ಕೆ ಸಿಕ್ಕವು. ಸಾಮಾನ್ಯ ವರ್ಷದಲ್ಲಿ ಎಲ್ಲ ಜಾತಿಗಳೂ ಸೇರಿ ಇಡೀ ಋತುವಿನ ಮೊತ್ತವೇ ಸುಮಾರು 18 ಸಾವಿರ. ಗಂಟೆಗೊಮ್ಮೆ ಜಾತಿವಾರು ಸಂಖ್ಯೆಯ ಜೊತೆಗೆ ಗಾಳಿಯ ದಿಕ್ಕು, ಉಷ್ಣತೆ, ಮೋಡ ಇವನ್ನೂ ಬರೆದಿಡುತ್ತಾರೆ. ಏನೂ ಬಾರದ ಗಂಟೆಗೆ ಸೊನ್ನೆ. ಆ ಸೊನ್ನೆಯನ್ನು ಬಿಟ್ಟುಬಿಟ್ಟರೆ ಉಳಿದ ಅಂಕಿಗಳೂ ಸುಳ್ಳಾಗುತ್ತವೆ.

ಈ ದಾಖಲೆಯ ಬೆಲೆ ತಿಳಿದದ್ದು ಕಾಲು ಶತಮಾನ ಕಳೆದ ಮೇಲೆ. ಬಾಲ್ಡ್ ಈಗಲ್‌ನ ತಲೆ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು, ಮರಿಗಳು ಕಪ್ಪುಗಂದು. ಆದ್ದರಿಂದ ಎಳೆಯ ಹಕ್ಕಿಗಳನ್ನು ಪ್ರತ್ಯೇಕವಾಗಿ ಎಣಿಸಬಹುದು. ಬ್ರೌನ್‌ನ ದಾಖಲೆಯಲ್ಲಿ 1935-39ರ ನಡುವೆ ಕಂಡ ಈಗಲ್‌ಗಳಲ್ಲಿ ಶೇ. 40ರಷ್ಟು ಎಳೆಯವು, 1955-59ರ ಹೊತ್ತಿಗೆ ಅದು ಶೇ. 20ಕ್ಕೆ ಇಳಿದಿತ್ತು. 1957ರಲ್ಲಂತೂ 32 ಬಲಿತ ಹಕ್ಕಿಗಳಿಗೆ ಒಂದೇ ಒಂದು ಎಳೆಯದು. ಮುದಿ ಹಕ್ಕಿಗಳು ಹಾರುತ್ತಲೇ ಇದ್ದವು, ಗೂಡುಗಳಿಂದ ಮರಿಗಳು ಹೊರಬರುತ್ತಿರಲಿಲ್ಲ. 1945ರಲ್ಲಿ ಇದೇ ಬೆಟ್ಟಕ್ಕೆ ಬಂದು ಕೂತಿದ್ದ ಲೇಖಕಿ ರೇಚಲ್ ಕಾರ್ಸನ್ ಈ ಅಂಕಿಗಳನ್ನು 1962ರ 'ಸೈಲೆಂಟ್ ಸ್ಪ್ರಿಂಗ್' ಗ್ರಂಥದಲ್ಲಿ ಡಿಡಿಟಿ ಎಂಬ ಕೀಟನಾಶಕದ ವಿರುದ್ಧ ಸಾಕ್ಷ್ಯವಾಗಿ ಬಳಸಿದರು. ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, ತಾಯಿ ಕಾವಿಗೆ ಕೂತಾಗಲೇ ಒಡೆಯುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು. 1972ರಲ್ಲಿ ಅಮೆರಿಕ ಅದರ ಬಳಕೆಯನ್ನು ನಿಷೇಧಿಸಿತು; 2007ರಲ್ಲಿ ಬಾಲ್ಡ್ ಈಗಲ್ ಅಪಾಯದಂಚಿನ ಪಟ್ಟಿಯಿಂದ ಹೊರಬಂತು.

1974ರಲ್ಲಿ ಉತ್ತರ ಅಮೆರಿಕದ ಗಿಡುಗ ವಲಸೆ ಸಂಘ ಸ್ಥಾಪನೆಯಾಗಿ, ಬೇರೆ ಬೇರೆ ನೆಲೆಗಳ ಎಣಿಕೆಗೆ ಒಂದೇ ಮಾದರಿಯ ನಮೂನೆ ಬಂತು. ಕೊಲರಾಡೋದ ಡೈನೊಸಾರ್ ರಿಜ್‌ನಲ್ಲಿ, ರಾಕಿ ಪರ್ವತಗಳ ತಪ್ಪಲಿನಲ್ಲಿ, ಸ್ವಯಂಸೇವಕರು ವಸಂತದಲ್ಲಿ ಉತ್ತರಕ್ಕೆ ಮರಳುವ ಹಕ್ಕಿಗಳನ್ನು ಎಣಿಸುತ್ತಾರೆ. ಪರ್ವತ ಮತ್ತು ಕಡಲಿನ ನಡುವೆ ದಾರಿ ಕಿರಿದಾಗುವ ಮೆಕ್ಸಿಕೋದ ವೆರಾಕ್ರೂಜ್‌ನಲ್ಲಿ ಒಂದು ಶರತ್ಕಾಲದಲ್ಲಿ ಹಾದುಹೋಗುವ ಬೇಟೆಹಕ್ಕಿಗಳು 40 ಲಕ್ಷಕ್ಕೂ ಮಿಗಿಲು. ನಮ್ಮ ಹಿಮಾಲಯದಲ್ಲೂ ಇಂಥ ದಾರಿಯಿದೆ: ನೇಪಾಳದ ಪೊಖರಾ ಬಳಿಯ ಥೂಲಾಖರ್ಕದಲ್ಲಿ ಸ್ಟೆಪ್ ಈಗಲ್‌ಗಳು ಬೆಟ್ಟಸಾಲು ಹಿಡಿದು ಪಶ್ಚಿಮಕ್ಕೆ ಸಾಗುವುದನ್ನು ವೀಕ್ಷಕರು ದಾಖಲಿಸಿದ್ದಾರೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹೊರಟ ಸೆಳೆವಗಳು (ಹ್ಯಾರಿಯರ್) ಚಳಿಗಾಲ ಕಳೆಯಲು ಕರ್ನಾಟಕದ ಬಯಲುಸೀಮೆಗೂ ಇಳಿಯುತ್ತವೆ.

ಹಾಕ್ ಮೌಂಟನ್‌ನ ಅಂಕಿ ಜನಗಣತಿಯಲ್ಲ. ಗಾಳಿ ಬದಲಾದರೆ ಹಕ್ಕಿಗಳು ಬೇರೆ ಸಾಲು ಹಿಡಿಯುತ್ತವೆ. ಒಂದು ವರ್ಷದ ಏರಿಳಿತವನ್ನು ನೆಚ್ಚುವಂತಿಲ್ಲ, ದಶಕಗಳು ಬೇಕು. ಆ ದಶಕಗಳ ದಾಖಲೆ ಈಗ ತೋರಿಸುತ್ತಿರುವುದು ಪಾರಿವಾಳಕ್ಕಿಂತ ಚಿಕ್ಕದಾದ ಅಮೆರಿಕನ್ ಚಾಣದ ಇಳಿಕೆಯನ್ನು. ಕಾರಣದ ಬಗ್ಗೆ ಒಮ್ಮತ ಮೂಡಿಲ್ಲ. ಸುತ್ತಲಿನ ಹೊಲಗದ್ದೆಗಳಲ್ಲಿ ಕಂಬಗಳಿಗೆ ಮರದ ಗೂಡುಪೆಟ್ಟಿಗೆಗಳನ್ನು ಕಟ್ಟಿದ್ದಾರೆ. ವಸಂತ ಬಂತೆಂದರೆ ಸ್ವಯಂಸೇವಕರು ಏಣಿ ಹೊತ್ತು ಹೋಗಿ ಒಂದೊಂದನ್ನೂ ತೆರೆದು, ಒಳಗಿನ ಮೊಟ್ಟೆ ಮರಿಗಳನ್ನು ಲೆಕ್ಕ ಹಾಕಿ ಬರುತ್ತಾರೆ.